ರಿಪೇರಿಯವರನ್ನು ಕೇಳಿ: ಟೇಪಿನ ವಿಡಿಯೋ ಕ್ಯಾಮೆರಾ ಮತ್ತೆ ಮತ್ತೆ ಕೈ ಕೊಡುತ್ತಿದೆಯಾ?

ರಿಪೇರಿಯವರು: ನಮಸ್ಕಾರ. ಇಪ್ಪತ್ತೆರಡು ವರ್ಷದಿಂದ ವಿಡಿಯೋ ಕ್ಯಾಮೆರಾ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಇವತ್ತು ಸಂಜೆ ಅಂಗಡಿ ರಜಾ. ನಿಮ್ಮದು ಯಾವ ಬಗೆಯ ಕ್ಯಾಸೆಟ್ಟಿನದು, ಮಿನಿ ಡಿವಿನಾ, ಹೈ8 ಕ್ಯಾಮೆರಾನಾ, ಪರದೆ ಮೇಲೆ ಏನು ಕಾಣುತ್ತಿದೆ, ಅಷ್ಟು ಬರೆದು ಕೇಳಿ.

ಉಡುಪಿ: ಸರ್, ನಮ್ಮದು 2004ರ ಮಿನಿ ಡಿವಿ. ಚಿತ್ರ ಅಡ್ಡಡ್ಡ ಪಟ್ಟಿಪಟ್ಟಿ ಆಗುತ್ತದೆ. ಒಂದು ಪಟ್ಟಿ ಓಡುತ್ತದೆ, ಅದರ ಕೆಳಗಿನದು ನಿಂತೇ ಇರುತ್ತದೆ. ಈ ವರ್ಷ ಮೂರು ಸಲ ಒಂದೇ ಅಂಗಡಿಗೆ ಕೊಟ್ಟೆ. ಪ್ರತಿ ಸಲ 900 ರೂಪಾಯಿ, "ಹೆಡ್ (ಟೇಪ್ ಓದುವ ಭಾಗ) ಕ್ಲೀನ್ ಮಾಡಿದ್ದೇವೆ" ಅಂತ ಒಂದೇ ಮಾತು. ಅಲ್ಲಿ ಚೆನ್ನಾಗಿ ಓಡುತ್ತದೆ. ಮನೆಗೆ ತಂದು ಮಗನ ನಾಮಕರಣದ ಕ್ಯಾಸೆಟ್ ಹಾಕಿದರೆ ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ನಮ್ಮ ಅಪ್ಪ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಅದರಲ್ಲಿದೆ. ಅಪ್ಪ ಈಗಿಲ್ಲ.

ಹುಬ್ಬಳ್ಳಿ: ಸರ್, ನಮ್ಮದರಲ್ಲಿ ಸಿ:21:00 ಅಂತ ಬರ್ತದೆ.

ರಿಪೇರಿಯವರು: ಹುಬ್ಬಳ್ಳಿ, ಒಳಗೆ ತೇವ ಕೂತಿದೆ. ಕ್ಯಾಸೆಟ್ ತೆಗೆದು ಬಾಗಿಲು ತೆರೆದೇ ಒಂದು ಗಂಟೆ ಬಿಡಿ.

ಮೈಸೂರು: ಬಂದ ಮೆಸೇಜ್ ಹಂಚುತ್ತಿದ್ದೇನೆ. ಕ್ಯಾಸೆಟ್‌ ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಟೇಪ್ ಬಿಗಿಯಾಗುತ್ತದೆ. ಹೆಡ್‌ಗೆ ನೇಲ್ ಪಾಲಿಶ್ ರಿಮೂವರ್ ಇಯರ್ ಬಡ್‌ನಲ್ಲಿ ಒರೆಸಬೇಕು. 100% ಗ್ಯಾರಂಟಿ.

ಕಲಬುರಗಿ: ನಮ್ಮ ಕಡೆ ಹೈ8 ರಿಪೇರಿ ಯಾರು ಮಾಡ್ತಾರೆ?

ರಿಪೇರಿಯವರು: ಮೈಸೂರಿನವರೇ, ದಯವಿಟ್ಟು ಅದನ್ನು ಅಳಿಸಿ. ಫ್ರಿಜ್‌ನಿಂದ ತೆಗೆದ ಟೇಪಿನ ಮೇಲೆ ಹನಿ ಕೂರುತ್ತದೆ. ಒದ್ದೆ ಟೇಪ್, ಹೆಡ್ ಇರುವ ತಿರುಗುವ ಡ್ರಮ್ಮಿಗೆ ಅಂಟಿ ಸುತ್ತಿಕೊಳ್ಳುತ್ತದೆ. ಆಮೇಲೆ ಕತ್ತರಿಸಿಯೇ ತೆಗೆಯಬೇಕು. ರಿಮೂವರ್ ಪ್ಲಾಸ್ಟಿಕ್ ತಿನ್ನುತ್ತದೆ. ಬಡ್‌ನ ಹತ್ತಿ ಎಳೆ ಹೆಡ್‌ಗೆ ಸಿಕ್ಕಿದರೆ ಅದರ ತುದಿಯೇ ಮುರಿಯುತ್ತದೆ.

ಉಡುಪಿ ಮೇಡಂ, ನಿಮ್ಮದನ್ನು ಎರಡು ಸಲ ಓದಿದೆ. ಒಂದು ಪಟ್ಟಿ ಓಡಿ ಇನ್ನೊಂದು ನಿಲ್ಲುತ್ತದೆ ಅಂದಿರಲ್ಲ, ಅದು ಮುಖ್ಯ. ಕ್ಯಾಮೆರಾ ಒಳಗಿನ ಪುಟ್ಟ ಡ್ರಮ್ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ. ಅದರಲ್ಲಿ ಎದುರುಬದುರು ಎರಡು ಹೆಡ್. ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಒಂದು ಚಿತ್ರಕ್ಕೆ ಟೇಪಿನ ಮೇಲೆ 12 ಗೆರೆ, ಒಂದು ಗೆರೆಗೆ ಪರದೆ ಮೇಲೆ ಒಂದು ಪಟ್ಟಿ. ಎರಡೂ ಹೆಡ್ ಸರದಿಯಲ್ಲಿ ಓದುತ್ತವೆ. ಒಂದು ಹೆಡ್‌ಗೆ ಕೊಳೆ ಕಟ್ಟಿಕೊಂಡರೆ ಆರು ಪಟ್ಟಿ ಅಲ್ಲೇ ನಿಲ್ಲುತ್ತವೆ. ಒಂದು ಗೆರೆಯ ಅಗಲ 10 ಮೈಕ್ರಾನ್. ತಲೆಗೂದಲು ಅದರ ಎಷ್ಟೋ ಪಟ್ಟು ದಪ್ಪ. ಅಂಥ ಕಡೆ ಚೂರು ಪುಡಿ ಸಾಕು.

ಅಂಗಡಿಯವರು ಕ್ಲೀನ್ ಮಾಡಿದ್ದು ನಿಜವೇ ಇರಬೇಕು, ಅವರ ಕ್ಯಾಸೆಟ್ ಓಡಿದೆಯಲ್ಲ. ನನಗೆ ಅನುಮಾನ ನಿಮ್ಮ ಕ್ಯಾಸೆಟ್ ಮೇಲೆ. ಅದನ್ನು ಕಿಟಕಿ ಬೆಳಕಿಗೆ ಹಿಡಿದು, ಪಾರದರ್ಶಕ ಕಿಂಡಿಯಲ್ಲಿ ಸುರುಳಿಯ ಅಂಚು ನೋಡಿ. ಕನ್ನಡಿಯ ಹಾಗೆ ಕಪ್ಪಗೆ ಹೊಳೆಯಬೇಕು. ಏನು ಕಾಣುತ್ತದೆ ಹೇಳಿ. ಕ್ಯಾಮೆರಾಗೆ ಹಾಕಬೇಡಿ.

ದಾವಣಗೆರೆ: ನಮ್ಮ ಕ್ಯಾಮೆರಾದಲ್ಲಿ ಹಳೇ ಟೇಪ್ ಚೆನ್ನಾಗಿ ಓಡ್ತದೆ. ಶೂಟ್ ಮಾಡಲು ಹೋದರೆ ಬರೀ ಕಪ್ಪು.

ರಿಪೇರಿಯವರು: ಸಿಸಿಡಿ, ಅಂದರೆ ಲೆನ್ಸ್ ಹಿಂದೆ ಚಿತ್ರ ಹಿಡಿಯುವ ಚಿಪ್, ಹೋಗಿರಬಹುದು. ಮೊದಲು ಲೆನ್ಸ್ ಮುಚ್ಚಳ ತೆರೆದಿದೆಯಾ ನೋಡಿ. ಆ ಕಾಲದ ಕೆಲವು ಸಿಸಿಡಿಗಳು ಸೆಕೆ, ತೇವಕ್ಕೆ ಕೆಡುತ್ತವೆ ಅಂತ 2005ರಲ್ಲಿ ಹಲವು ಕಂಪನಿಗಳೇ ಒಪ್ಪಿಕೊಂಡು ಬಿಟ್ಟಿಯಾಗಿ ಬದಲಿಸಿದವು. ಈಗ ಅದು ಸಿಗುವುದಿಲ್ಲ. ಟೇಪ್ ನೋಡಲು ಮಾತ್ರ ಬಳಸಿ.

ತುಮಕೂರು: ಉಡುಪಿಯವರು ಆ ಅಂಗಡಿ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಲಿ. ಮೂರು ಸಲ ದುಡ್ಡು ತಗೊಂಡು ಒಂದೇ ದೋಷ ಅಂದ್ರೆ ಸೇವಾ ನ್ಯೂನತೆ. 2019ರ ಕಾಯ್ದೆ ಇದೆ. 1915ಕ್ಕೆ ಫೋನ್ ಮಾಡಿ.

ಮೈಸೂರು: 2004ರ ಕ್ಯಾಮೆರಾಗೆ ಯಾವ ಕೇಸ್ರೀ? ವಾರಂಟಿ ಮುಗಿದು ಎಷ್ಟು ಕಾಲ ಆಯ್ತು. ಲಾಯರ್ ಫೀಸಿಗೆ ಹೊಸ ಮೊಬೈಲ್ ಬರುತ್ತೆ.

ತುಮಕೂರು: ವಾರಂಟಿ ಮಾತು ಯಾರು ಆಡಿದ್ರು? ರಿಪೇರಿ ಮಾಡಿಸಿದ್ದು ಈ ವರ್ಷ. ದೂರಿಗೆ 2 ವರ್ಷ ಅವಕಾಶ ಇದೆ. ಲಾಯರ್ ಇಲ್ಲದೆ ನೀವೇ ವಾದ ಮಾಡಬಹುದು. 5 ಲಕ್ಷದವರೆಗೆ ಶುಲ್ಕವೂ ಇಲ್ಲ.

ಮೈಸೂರು: ಓಡಾಡುವ ಖರ್ಚು ನೀವು ಕೊಡ್ತೀರಾ?

ತುಮಕೂರು: ನಿಮ್ಮಂಥವರು ಸುಮ್ನೆ ಇರೋದಕ್ಕೇ ಅಂಗಡಿಯವರಿಗೆ ಧೈರ್ಯ.

ಮೈಸೂರು: ಬಾಯಿಗೆ ಬಂದ ಹಾಗೆ ಮಾತಾಡಬೇಡಿ.

ಶಿವಮೊಗ್ಗ: ನಮ್ಮದೂ ಶೂಟ್ ಮಾಡುವಾಗ ಕಪ್ಪು ಸರ್, ಟೇಪ್ ಓಡ್ತದೆ. ಏನು ಮಾಡಲಿ?

ರಿಪೇರಿಯವರು: ಮೇಲೆ ದಾವಣಗೆರೆಗೆ ಬರೆದದ್ದನ್ನು ಓದಿ.

ಉಡುಪಿ: ಸರ್, ನೋಡಿದೆ. ಸುರುಳಿಯ ಅಂಚಿನಲ್ಲಿ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೆಳ್ಳಗಿದೆ. ಎರಡು ಕಡೆ ಚುಕ್ಕಿ ದಪ್ಪ ಇದೆ. ಅಟ್ಟದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು.

ರಿಪೇರಿಯವರು: ಬೂಸ್ಟು. ಇದೇ ನನ್ನ ಹೆದರಿಕೆ ಆಗಿತ್ತು. ಕರಾವಳಿಯ ಮಳೆಗಾಲದಲ್ಲಿ ಮುಚ್ಚಿಟ್ಟ ಪೆಟ್ಟಿಗೆಗೆ ಇದು ಬಂದೇ ಬರುತ್ತದೆ. ಅಂಗಡಿಯವರು ಹೆಡ್ ತೊಳೆದರು, ನೀವು ಅದೇ ಕ್ಯಾಸೆಟ್ ಹಾಕಿದಿರಿ, ಆ ಪುಡಿ ಹೋಗಿ ಮತ್ತೆ ಹೆಡ್‌ಗೆ ಕೂತಿತು. ಮೂರು ಸಲವೂ ಅಷ್ಟೇ. ಅವರು "ಯಾವ ಕ್ಯಾಸೆಟ್ ಹಾಕ್ತೀರಿ, ತನ್ನಿ" ಅಂತ ಒಂದು ಮಾತು ಕೇಳಬೇಕಿತ್ತು. ಕೇಳದೇ ದುಡ್ಡು ತಗೊಂಡದ್ದು ತಪ್ಪು. ಬಿಲ್ ಮೂರೂ ಇಟ್ಟುಕೊಳ್ಳಿ, ಮೊದಲು ಅವರ ಹತ್ತಿರವೇ ಕೇಳಿ.

ಆ ಕ್ಯಾಸೆಟ್ ಇನ್ನು ಯಾವ ಕ್ಯಾಮೆರಾಗೂ ಹಾಕಬೇಡಿ. ರಿವೈಂಡ್ ಕೂಡ ಬೇಡ, ಟೇಪ್ ಹರಿಯಬಹುದು. ಬೇರೆ ಕ್ಯಾಸೆಟ್‌ಗಳಿಂದ ದೂರ ಇಡಿ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ಬೂಸ್ಟು ತೆಗೆಯುವವರು ಟೇಪನ್ನು ನಿಧಾನಕ್ಕೆ ಒರೆಸಿ, ಒಂದು ಹಳೇ ಯಂತ್ರವನ್ನು ಇದಕ್ಕೇ ಮೀಸಲಿಟ್ಟು ಓಡಿಸುತ್ತಾರೆ. ಮೊದಲ ಓಟದಲ್ಲೇ ಫೈರ್‌ವೈರ್ ತಂತಿಯಲ್ಲಿ ಕಂಪ್ಯೂಟರಿಗೆ ಇಳಿಸಲು ಹೇಳಿ. ಎರಡನೇ ಓಟ ಸಿಗದೇ ಹೋಗಬಹುದು.

ಮೈಸೂರು: ಬೂಸ್ಟಿಗೆ ಬಿಸಿಲಲ್ಲಿ ಇಟ್ಟರೆ ಸಾಕು ಅಂತ ಇನ್ನೊಂದು ಮೆಸೇಜ್ ಬಂದಿದೆ.

ರಿಪೇರಿಯವರು: ಬೇಡ. ಬಿಸಿಲಿಗೆ ಟೇಪ್ ಸೊಟ್ಟ ಆಗುತ್ತದೆ. ಇನ್ನು ಇಲ್ಲಿ ಫಾರ್ವರ್ಡ್ ಹಾಕಬೇಡಿ. ಒಬ್ಬರ ಅಪ್ಪನ ದನಿ ಆ ಟೇಪಿನಲ್ಲಿದೆ.

ತುಮಕೂರು: ನೋಡಿದ್ರಾ?

ಮೈಸೂರು: ನಿಮ್ಮನ್ನು ಯಾರೂ ಕೇಳಿಲ್ಲ.

ಉಡುಪಿ: ಸರ್, ದನಿ ಮಾತ್ರ ಆದರೂ ಸಿಗಬಹುದಾ?

ರಿಪೇರಿಯವರು: ಬೂಸ್ಟು ಅಂಚಿನಲ್ಲೇ ನಿಂತಿದ್ದರೆ ಚಿತ್ರ, ದನಿ ಎರಡೂ ಸಿಗಬಹುದು. ಒಳಗೆ ಇಳಿದಿದ್ದರೆ ಆ ಜಾಗದ ದನಿಯೂ ತುಂಡಾಗುತ್ತದೆ. ಬಿಚ್ಚಿ ನೋಡದೆ ಮಾತು ಕೊಡುವುದಿಲ್ಲ. ಕಿಂಡಿಯ ಫೋಟೋ ಎರಡೂ ಬದಿಯಿಂದ ತೆಗೆದು ಹಾಕಿ, ಈಗಲೇ ನೋಡುತ್ತೇನೆ.

ಶಿವಮೊಗ್ಗ: ಓದಿದೆ ಸರ್. ಆದ್ರೂ ಬೇರೆ ದಾರಿ ಇಲ್ವಾ?

ರಿಪೇರಿಯವರು: ಇಲ್ಲ.

ಕಲಬುರಗಿ: ಎರಡನೇ ಸಲ ಕೇಳ್ತಿದ್ದೀನಿ. ಹೈ8 ನಮ್ಮ ಕಡೆ ಯಾರು ಮಾಡ್ತಾರೆ?

ಉಡುಪಿ: ಫೋಟೋ ಹಾಕಿದ್ದೇನೆ ಸರ್. ಎಡಗಡೆಯದು ಸ್ವಲ್ಪ ಮಬ್ಬು ಬಂದಿದೆ.