ಎಂಜಿನ್ ಕವರ್‌ಗಳಿಗೆ ಬಾಳಿಕೆ ಬರುವ ಕಪ್ಪು ಲೇಪನ ಯಾವುದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಹಳೆಯ ಮೋಟಾರ್‌ಸೈಕಲ್‌ನ ಕ್ಲಚ್ ಕವರ್ ಮತ್ತು ಮ್ಯಾಗ್ನೆಟ್ ಕವರ್‌ಗಳನ್ನು ಬಿಚ್ಚಿಟ್ಟಿದ್ದು, ಅವುಗಳಿಗೆ ವರ್ಷಗಟ್ಟಲೆ ನಿಲ್ಲುವಂಥ ಕಪ್ಪು ಲೇಪನ ಮಾಡಿಸಬೇಕೆಂದಿದ್ದೇನೆ. ಈಗಿರುವ ಬಣ್ಣ ಬೂಟು ಉಜ್ಜುವ ಕಡೆ ಪೂರ್ತಿ ಸವೆದಿದೆ. ಬೋಲ್ಟ್‌ಗಳ ಸುತ್ತ ಗುಳ್ಳೆ ಎದ್ದು, ಅದರಡಿಯಿಂದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತಿದೆ.

ಅನೊಡೈಸಿಂಗ್ (ವಿದ್ಯುತ್ತಿನಿಂದ ಲೋಹದ ಮೈಮೇಲೆಯೇ ಆಕ್ಸೈಡ್ ಪದರ ಬೆಳೆಸಿ ಅದಕ್ಕೆ ಬಣ್ಣ ಹಿಡಿಸುವುದು) ವಿಚಾರವನ್ನು ಕೈಬಿಟ್ಟಿದ್ದೇನೆ, ಏಕೆಂದರೆ ಎರಕದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಅಂಶ ಹೆಚ್ಚಿರುವುದರಿಂದ ಕಪ್ಪು ಬಣ್ಣ ಒಂದೇ ಸಮನಾಗಿ ಹಿಡಿಯದೆ ಅಲ್ಲಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕಲ್ಲಿನ ಏಟನ್ನು ತಡೆಯುವ ದಪ್ಪ ಪದರ ಸಿಗುತ್ತದೆಂಬ ಕಾರಣಕ್ಕೆ ಪೌಡರ್ ಕೋಟಿಂಗ್ (ಬಣ್ಣದ ಒಣ ಪುಡಿಯನ್ನು ಸಿಂಪಡಿಸಿ, ಕಾಯಿಸಿ ಕರಗಿಸಿ ಕೂರಿಸುವುದು) ಕಡೆಗೇ ನನ್ನ ಒಲವು. ಆದರೆ ಅದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುವಾಗ, ಎರಕದ ಸೂಕ್ಷ್ಮ ರಂಧ್ರಗಳಲ್ಲಿ ವರ್ಷಗಳಿಂದ ಇಂಗಿರುವ ಎಣ್ಣೆ ಮತ್ತು ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದು, ಮೇಲ್ಮೈಯಲ್ಲಿ ಸೂಜಿಮೊನೆಯಂಥ ತೂತುಗಳು ಉಳಿಯುತ್ತವೆ ಎಂಬುದೇ ನನ್ನ ದೊಡ್ಡ ಆತಂಕ. ಪುಡಿ ಸಿಂಪಡಿಸುವ ಮೊದಲು ಕವರ್‌ಗಳನ್ನು ಬರಿದಾಗಿಯೇ, ಅಂತಿಮ ತಾಪಮಾನಕ್ಕಿಂತ ತುಸು ಹೆಚ್ಚು ಬಿಸಿಯಲ್ಲಿ ಕಾಯಿಸಿ ತೆಗೆದರೆ ಈ ತೊಂದರೆ ನಿಜವಾಗಿ ನಿಲ್ಲುತ್ತದೆಯೇ?

ಎಪಾಕ್ಸಿ ಪುಡಿ ರಾಸಾಯನಿಕಗಳನ್ನು ಚೆನ್ನಾಗಿ ತಡೆದರೂ ಬಿಸಿಲಿಗೆ ಮಂಕಾಗುತ್ತದೆ, ಪಾಲಿಯೆಸ್ಟರ್ ಬಿಸಿಲಿಗೆ ಒಗ್ಗುತ್ತದೆ; ಪೆಟ್ರೋಲ್ ಚೆಲ್ಲಿದಾಗ ಪಾಲಿಯೆಸ್ಟರ್ ಹೇಗೆ ತಾಳಿಕೊಂಡಿದೆ ಎಂಬುದನ್ನು ಬಳಸಿದವರು ದಯವಿಟ್ಟು ತಿಳಿಸಿ. ತೆಳುವಾದ ಸೆರಾಮಿಕ್ ಲೇಪನ ಮಾಡಿಸಿದವರಿದ್ದರೆ, ಬೂಟು ತಾಗುವ ಜಾಗದ ಈಗಿನ ಸ್ಥಿತಿಯ ಚಿತ್ರವನ್ನೂ ಹಾಕಿ. ಗ್ಯಾಸ್ಕೆಟ್ (ಎಣ್ಣೆ ಸೋರದಂತೆ ಜೋಡಣೆಯ ನಡುವೆ ಇಡುವ ತೆಳು ಹಾಳೆ) ಕೂರುವ ಮೈಯನ್ನು ಮತ್ತು ಬೋಲ್ಟ್ ತಲೆಯ ಕೆಳಭಾಗವನ್ನು ಲೇಪನ ತಾಗದಂತೆ ಮುಚ್ಚಿಸಲಿದ್ದೇನೆ. ಬ್ಲಾಸ್ಟಿಂಗ್ (ಹಳೆಯ ಬಣ್ಣ ತೆಗೆಯಲು ರಭಸದಿಂದ ಮರಳು ಹಾಯಿಸುವುದು) ಮಾಡಿಸುವಾಗ ಆಯಿಲ್ ಹಾದಿಗಳೊಳಗೆ ಮರಳು ಸೇರದಂತೆ ನೀವು ಯಾವುದರಿಂದ ಮುಚ್ಚಿದಿರಿ ಎಂಬುದನ್ನೂ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.