ಕೀ ಚೈನಿನ ಪುಟ್ಟ ಟಾರ್ಚ್: 1000 ಲುಮೆನ್ ತಗೊಳ್ಳಲಾ, 45 ಸಾಕಾ?

ಪ್ರಶ್ನೆ:

ನಮಸ್ಕಾರ. ಈ ಗುಂಪಿನಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಅಣ್ಣ ಒಬ್ಬರಿದ್ದಾರಲ್ಲ, ಅವರನ್ನೇ ಕೇಳುತ್ತಿದ್ದೇನೆ.

ನಮ್ಮದು ಸಾಗರದ ಹತ್ತಿರ ಹಳ್ಳಿ. ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಸ್ಕೂಟರನ್ನು ರಸ್ತೆ ಬದಿಯ ಶೆಡ್ಡಿನಲ್ಲಿ ನಿಲ್ಲಿಸಿ, ಉಣುಗೋಲು (ಅಡ್ಡಗೋಲಿನ ಗೇಟು) ದಾಟಿ, ತೋಟದ ಅಂಚಿನಲ್ಲಿ ಇನ್ನೂರು ಮೀಟರ್ ನಡೆಯಬೇಕು. ನಡುವೆ ಒಂದು ಸಂಕ (ಕಾಲುಸೇತುವೆ) ಬೇರೆ. ಇಷ್ಟು ದಿನ ಮೊಬೈಲ್ ಬೆಳಕಲ್ಲೇ ನಡೆಯುತ್ತಿದ್ದೆ. ಹೋದ ವಾರ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್. ಉಣುಗೋಲು ಸರಿಸಲು ಹೋಗಿ ಮೊಬೈಲ್ ಸೀದಾ ಕೆಸರಿಗೆ ಬಿತ್ತು. ಅವತ್ತೇ ಅಂದುಕೊಂಡೆ, ಕೀ ಚೈನಿಗೆ ಒಂದು ಸಣ್ಣ ಟಾರ್ಚ್ ಹಾಕಿಕೊಳ್ಳಬೇಕು ಅಂತ.

ಮೂರು ನೋಡಿದ್ದೇನೆ. ಸಂತೆಯಲ್ಲಿ 150 ರೂಪಾಯಿಯದು, ಮೂರು ಬಟನ್ ಸೆಲ್ ಹಾಕುವಂಥದ್ದು. ಡಬ್ಬಿಯ ಮೇಲೆ 1000 ಲುಮೆನ್, 3 ಗಂಟೆ ಅಂತ ಬರೆದಿದೆ. ಆನ್‌ಲೈನಿನಲ್ಲಿ ಎರಡು: ಒಂದು ಯುಎಸ್‌ಬಿ ಚಾರ್ಜಿನದು, 45 ಲುಮೆನ್, ಒಳಗೆ 130 ಎಂಎಎಚ್ ಬ್ಯಾಟರಿ. ಇನ್ನೊಂದಕ್ಕೆ ಒಂದು ಎಎಎ ಸೆಲ್, 90 ಲುಮೆನ್. ಇವೆರಡಕ್ಕೂ ಸಂತೆಯದರ ಹಲವು ಪಟ್ಟು ರೇಟು. 1000 ಎಲ್ಲಿ, 45 ಎಲ್ಲಿ? ನನಗಂತೂ ತಲೆಬುಡ ಅರ್ಥ ಆಗಲಿಲ್ಲ.

ಉತ್ತರ:

ತಂಗೀ, ಮೊದಲು ಆ 1000ದ ಲೆಕ್ಕ ಮುಗಿಸಿಬಿಡೋಣ. ಲುಮೆನ್ ಅಂದರೆ ಹೊರಗೆ ಬರುವ ಒಟ್ಟು ಬೆಳಕಿನ ಅಳತೆ.

ಮನೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಇರುತ್ತದಲ್ಲ, ಅದು ಕೊಡುವುದು ಹೆಚ್ಚುಕಡಿಮೆ 900 ಲುಮೆನ್. ಅರ್ಧ ಗಂಟೆ ಉರಿದ ಮೇಲೆ ಅದರ ಬುಡ ಮುಟ್ಟಿ ನೋಡಿ, ಎಷ್ಟು ಬಿಸಿ ಅಂತ. ಅಷ್ಟು ಬೆಳಕು, ಅಷ್ಟು ಬಿಸಿ ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯಿಂದ ಮೂರು ಗಂಟೆ ಬರುತ್ತದೆಯಾ?

ಲೆಕ್ಕವೂ ಸುಲಭವೇ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. 1000 ಲುಮೆನ್ನಿಗೆ 10 ವ್ಯಾಟ್ ಬೇಕು. ಮೂರು ಗಂಟೆಗೆ 30 ವ್ಯಾಟ್-ಗಂಟೆ. ನಿಮ್ಮ ಮೊಬೈಲಿನ 5000 ಎಂಎಎಚ್ ಬ್ಯಾಟರಿಯಲ್ಲೇ ಇರುವುದು ಸುಮಾರು 19 ವ್ಯಾಟ್-ಗಂಟೆ. ಮೊಬೈಲಿಗಿಂತ ಜಾಸ್ತಿ ಕರೆಂಟು ಮೂರು ಬಟನ್ ಸೆಲ್ಲಿನೊಳಗೆ ಕೂತಿದೆ ಅಂದರೆ ನಾನು ಅಂಗಡಿ ಮುಚ್ಚಿ ಅದನ್ನೇ ಮಾರುತ್ತೇನೆ.

ಈಗ 45 ಲುಮೆನ್ನಿನದಕ್ಕೆ ಇದೇ ಲೆಕ್ಕ ಹಾಕಿ. 130 ಎಂಎಎಚ್ ಅನ್ನು ಅದರ ಲಿಥಿಯಂ ಬ್ಯಾಟರಿಯ 3.7 ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿದರೆ 0.48 ವ್ಯಾಟ್-ಗಂಟೆ. 45 ಲುಮೆನ್ನಿಗೆ 0.45 ವ್ಯಾಟ್ ಬೇಕು, ಅಂದರೆ ಸುಮಾರು ಒಂದು ಗಂಟೆ. ಡಬ್ಬಿ ಒಂದು ಗಂಟೆ ಅಂತ ಹೇಳುತ್ತಿದ್ದರೆ ಮಾತಿಗೂ ಲೆಕ್ಕಕ್ಕೂ ತಾಳೆ ಆಯಿತು. ನಾನು ಯಾವ ಟಾರ್ಚ್ ಕೈಗೆ ಬಂದರೂ ಮೊದಲು ಮಾಡುವುದು ಇದನ್ನೇ. ಬ್ಯಾಟರಿ ಸುಳ್ಳು ಹೇಳಲ್ಲ, ಡಬ್ಬಿ ಹೇಳುತ್ತದೆ.

ಡಬ್ಬಿಯ ಮೇಲೆ ಎಫ್‌ಎಲ್ 1 ಅನ್ನುವ ಗುರುತು ಇದೆಯಾ ನೋಡಿ. ಅದು ಅಮೆರಿಕದಲ್ಲಿ 2009ರಲ್ಲಿ ಬಂದ ಅಳತೆಯ ನಿಯಮ, ಈಗ ಬೇರೆ ದೇಶದ ಕಂಪನಿಗಳೂ ಹಾಕುತ್ತವೆ. ಆದರೆ ಆ ಗುರುತು ಇದ್ದರೂ ಸ್ವಲ್ಪ ಒಳಗುಟ್ಟು ಗೊತ್ತಿರಬೇಕು. ಅದರಲ್ಲಿ ಉರಿಯುವ ಸಮಯ ಅಂದರೆ ಬೆಳಕು ಶುರುವಿನ ಹತ್ತನೇ ಒಂದು ಪಾಲಿಗೆ ಇಳಿಯುವವರೆಗಿನ ಸಮಯ. 90 ಲುಮೆನ್, ಒಂದು ಗಂಟೆ ಅಂತಿದ್ದರೆ ಗಂಟೆಯ ಕೊನೆಗೆ ಉಳಿದಿರುವುದು 9 ಲುಮೆನ್ ಇರಬಹುದು. ಬೆಳಕು ಹೋಗುವ ದೂರವೂ ಹಾಗೇ. ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು ಬೀಳುವ ಕೊನೆಯ ಜಾಗವನ್ನು ಅವರು ದೂರ ಅಂತ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ 24 ಮೀಟರ್ ಅಂತ ಬರೆದಿದ್ದರೆ ಹಾವೋ ಹಗ್ಗವೋ ಅಂತ ಗುರುತು ಹಿಡಿಯಲು ಎಂಟು ಹತ್ತು ಮೀಟರ್ ಅಂದುಕೊಳ್ಳಿ.

ಇನ್ನೊಂದು ವಿಷಯ. 45ರಿಂದ 90ಕ್ಕೆ ಹೋದರೆ ಎರಡರಷ್ಟು ದೂರ ಕಾಣಲ್ಲ. ಬೆಳಕಿನ ಹರವು ಹಾಗೇ ಇದ್ದರೆ ದೂರ ಎರಡರಷ್ಟಾಗಲು ಬೆಳಕು ನಾಲ್ಕರಷ್ಟು ಬೇಕು. ಆದ್ದರಿಂದ ಲುಮೆನ್ ಚಿಂತೆ ಬಿಡಿ. ಕೀ ಚೈನಿನ ಟಾರ್ಚಿಗೆ 30 ಲುಮೆನ್ ಇದ್ದರೂ ಸಾಕು.

ನನ್ನ ಅಂಗಡಿಗೆ ಬರುವ ಕೀ ಚೈನ್ ಟಾರ್ಚುಗಳಲ್ಲಿ ಬೆಳಕು ಸಾಲದು ಅಂತ ಬಂದದ್ದು ಒಂದೂ ನೆನಪಿಲ್ಲ. ಬರುವ ದೂರು ಒಂದೇ: ‘ಬೇಕಾದಾಗ ಹತ್ತಲಿಲ್ಲ’. ಬಿಚ್ಚಿ ನೋಡಿದರೆ ಬಹಳ ಸಲ ಏನೂ ಕೆಟ್ಟಿರಲ್ಲ. ಜೇಬಿನಲ್ಲೋ ಬ್ಯಾಗಿನಲ್ಲೋ ತನ್ನಷ್ಟಕ್ಕೆ ಆನ್ ಆಗಿ ಬ್ಯಾಟರಿ ಖಾಲಿ ಆಗಿರುತ್ತದೆ ಅಷ್ಟೇ. ಹಾಗಾಗಿ ಸ್ವಿಚ್ಚನ್ನು ಮೊದಲು ನೋಡಿ. ಬದಿಯಲ್ಲಿ ಉಬ್ಬಿಕೊಂಡಿರುವ ಮೆತ್ತಗಿನ ಬಟನ್ ಇದ್ದರೆ ಬೇಡ, ಅಥವಾ ಲಾಕ್ ಮಾಡುವ ವ್ಯವಸ್ಥೆ ಇರಬೇಕು. ಟಾರ್ಚಿನ ತಲೆ ತಿರುಗಿಸಿ ಹತ್ತಿಸುವಂಥದ್ದು ಸುಲಭಕ್ಕೆ ತಾನಾಗಿ ಹತ್ತಲ್ಲ. ಆದರೆ ಹೊಸದರಲ್ಲಿ ಅದಕ್ಕೆ ಎರಡು ಕೈ ಬೇಕು. ನಿಮ್ಮ ಕೈಯಲ್ಲಿ ಕೊಡೆ ಇರುತ್ತದೆ. ಅಂಗಡಿಯಲ್ಲಾದರೆ ಒಂದೇ ಕೈಯಲ್ಲಿ, ಹೆಬ್ಬೆರಳು ತೋರುಬೆರಳಲ್ಲಿ ತಿರುಗಿಸಿ ನೋಡಿ ತಗೊಳ್ಳಿ.

ತಂದ ಮೇಲೆ ಒಂದು ವಾರ ಸುಮ್ನೆ ಬ್ಯಾಗಿನಲ್ಲಿ ಹಾಕಿಡಿ. ಕೀ, ಚಿಲ್ಲರೆ, ಟಿಫಿನ್ ಡಬ್ಬಿ ಎಲ್ಲದರ ಜೊತೆ. ದಿನಾ ರಾತ್ರಿ ತೆಗೆದು ನೋಡಿ. ಹತ್ತಿಕೊಂಡಿದ್ದರೆ ವಾಪಸ್ ಕಳಿಸಿ.

ಪ್ರಶ್ನೆ ಕೇಳಿದವರು:

ಅಣ್ಣಾ, ಬಹಳ ಉಪಕಾರ ಆಯ್ತು. ಹಾಗಾದರೆ ಯುಎಸ್‌ಬಿಯದಾ, ಎಎಎ ಸೆಲ್ಲಿನದಾ? ಮಳೆಗೆ ಏನು ನೋಡಬೇಕು?

ಉತ್ತರ:

ಯುಎಸ್‌ಬಿಯದು ಹಗುರ, ಚಾರ್ಜ್ ಮಾಡಿದರೆ ಆಯಿತು. ಆದರೆ ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋತರೆ ಬದಲಿಸುವುದು ಕಷ್ಟ. ಬಹಳಷ್ಟು ಮಾಡೆಲ್‌ಗಳನ್ನು ಬಿಚ್ಚಲು ಬರಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳ ಸಡಿಲವಾದರೆ ಮಲೆನಾಡಿನ ಮಳೆಗೆ ಕಥೆ ಮುಗಿಯಿತು. ಟೈಪ್-ಸಿ ಪೋರ್ಟ್ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ಎರಡೂ ತುದಿ ಸಿ ಇರುವ ಕೇಬಲ್ ಹಾಕಿ ಚಾರ್ಜ್ ಆಗುತ್ತದೆಯಾ ನೋಡಿ. ಅಗ್ಗದವರು ಒಳಗೆ 5.1 ಕಿಲೋ ಓಮಿನ ಎರಡು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಹಾಕದೆ ಉಳಿಸಿಕೊಳ್ಳುತ್ತಾರೆ. ಆಗ ಹಳೇ ಚಪ್ಪಟೆ ಪಿನ್ನಿನ ಕೇಬಲ್ಲಿಗೆ ಮಾತ್ರ ಚಾರ್ಜ್ ಆಗುತ್ತದೆ.

ನಿಮಗೆ ಎಎಎ ಸರಿ ಅನಿಸುತ್ತದೆ ನನಗೆ. ಊರಿನ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಅದಕ್ಕೆ ಚಾರ್ಜ್ ಮಾಡುವ ನಿಕಲ್ ಸೆಲ್ ಹಾಕಿ. 1.2 ವೋಲ್ಟ್, 750 ಎಂಎಎಚ್ ಅಂದರೆ 0.9 ವ್ಯಾಟ್-ಗಂಟೆ. ಆ ಯುಎಸ್‌ಬಿಯದರ ಸುಮಾರು ಎರಡರಷ್ಟು ಆಯಿತು. ಅದೇ ಗಾತ್ರದ 3.7 ವೋಲ್ಟಿನ 10440 ಲಿಥಿಯಂ ಸೆಲ್ಲೂ ಸಿಗುತ್ತದೆ, ಹುಷಾರು. ಕಂಪನಿ ಹಾಕಬಹುದು ಅಂತ ಹೇಳದಿದ್ದರೆ ಹಾಕಬೇಡಿ. ಒಂದು ನಿಮಿಷ ಸಿಕ್ಕಾಪಟ್ಟೆ ಬೆಳಕು ಬರುತ್ತದೆ, ಆಮೇಲೆ ನನ್ನ ಅಂಗಡಿಗೆ ಬರುತ್ತದೆ.

ಮಳೆಗೆ: ಐಪಿಎಕ್ಸ್4 ಅಂದರೆ ಎಲ್ಲ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಸಂಕದ ಮೇಲಿಂದ ಬೀಳಿಸುವ ಅಭ್ಯಾಸ ಇದ್ದರೆ ಎರಡನೆಯದು. ಸೆಲ್ ಹಾಕುವ ತಿರುಪಿನ ಬಳಿ ಕಪ್ಪು ರಬ್ಬರ್ ಉಂಗುರ ಇರುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಚೂರು ಸಿಲಿಕೋನ್ ಗ್ರೀಸ್ ಸವರಿ. ಕೊಬ್ಬರಿ ಎಣ್ಣೆ ಬೇಡ ಮಾರಾಯ್ತಿ, ಅಂಟಂಟಾಗಿ ಮಣ್ಣು ಹಿಡಿಯುತ್ತದೆ.

ಇನ್ನೊಬ್ಬರು, ಬೆಂಗಳೂರಿನಿಂದ:

ಮೊಬೈಲಿಗೆ ಒಂದು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡರೆ ಆಗಲ್ವಾ ಸರ್? ಇದಕ್ಕೆಲ್ಲ ದುಡ್ಡು ಯಾಕೆ?

ಉತ್ತರ:

ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ಆಗುತ್ತದೆ ಸರ್. ಆಷಾಢದ ಮಳೆಯಲ್ಲಿ ಒದ್ದೆ ಬೆರಳಿಗೆ ಆ ಪರದೆ ಮಾತು ಕೇಳಲ್ಲ, ಒಮ್ಮೆ ಬಂದು ನೋಡಿ.

ಮತ್ತೊಬ್ಬರು:

ನಾನು ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ನನ್ನ ಕೀ ಚೈನ್ ಟಾರ್ಚಿನಲ್ಲಿ ಕೆಂಪು ವೈರು, ಕಂದು ವೈರು ಒಂದೇ ಥರ ಕಾಣುತ್ತವೆ. ಕಣ್ಣಿನ ತೊಂದರೆಯಾ, ಟಾರ್ಚಿನ ತೊಂದರೆಯಾ?

ಉತ್ತರ:

ಹಗಲಲ್ಲಿ ಬೇರೆ ಬೇರೆ ಕಂಡರೆ ಟಾರ್ಚಿನದೇ. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಕೆಂಪು ಬೆಳಕೇ ಬೀಳದಿದ್ದರೆ ಕೆಂಪು ವಸ್ತು ಕಾಣುವುದಾದರೂ ಹೇಗೆ? ಡಬ್ಬಿಯ ಮೇಲೆ ಸಿಆರ್‌ಐ ಅನ್ನುವ ಅಂಕಿ ಇರುತ್ತದೆ. 100 ಅಂದರೆ ಹಳೇ ಬುರುಡೆ ಬಲ್ಬಿನ ಹಾಗೆ ಬಣ್ಣ ತೋರಿಸುತ್ತದೆ. ಸಾಮಾನ್ಯ ಟಾರ್ಚು 70ರ ಆಸುಪಾಸು. ನಿಮ್ಮ ಕೆಲಸಕ್ಕೆ 90 ದಾಟಿದ್ದೇ ಬೇಕು. ಲುಮೆನ್ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ.

ಇದು ನಾನು ಪೆಟ್ಟು ತಿಂದು ಕಲಿತದ್ದು. ರೆಸಿಸ್ಟರಿನ ಮೇಲೆ ಕಂದು-ಕಪ್ಪು-ಕಂದು ಪಟ್ಟಿ ಇದ್ದರೆ 100 ಓಮ್. ಕಂದು-ಕಪ್ಪು-ಕೆಂಪು ಇದ್ದರೆ 1000 ಓಮ್. ಕರೆಂಟು ಹೋದ ಒಂದು ಸಂಜೆ ನೀಲಿ ಬೆಳಕಿನ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಗಿರಾಕಿಯ ಆಂಪ್ಲಿಫೈಯರಿಗೆ 1000ದ ಜಾಗದಲ್ಲಿ 100 ಹಾಕಿ ಬೆಸುಗೆ ಹಾಕಿದೆ. ಕರೆಂಟು ಬಂದ ಮೇಲೆ ಆನ್ ಮಾಡಿದರೆ ಬುಸ್ಸೆಂದು ಹೊಗೆ. ಗಿರಾಕಿ ಎದುರಿಗೇ ಕೂತಿದ್ದರು.

ಮನೆಯಲ್ಲೇ ಪರೀಕ್ಷೆ ಮಾಡಬೇಕಾದರೆ ಕತ್ತಲೆಯಲ್ಲಿ ಕುಂಕುಮದ ಬಟ್ಟಲ ಮೇಲೆ ಬೆಳಕು ಬಿಡಿ. ಕುಂಕುಮ ಒಣಗಿದ ಇಟ್ಟಿಗೆ ಪುಡಿಯ ಹಾಗೆ ಕಂಡರೆ ಆ ಟಾರ್ಚು ವೈರಿಂಗಿಗೆ ಬೇಡ. ತೋಟದಿಂದ ಬಂದು ಕಾಲಿಗೆ ಉಂಬಳ ಹತ್ತಿದೆಯಾ, ರಕ್ತ ಬರುತ್ತಿದೆಯಾ ಅಂತ ನೋಡುವವರಿಗೂ ಇದೇ ಮಾತು.

ಹಾಗೇ ತಿರುಗುವ ಫ್ಯಾನಿನ ಮೇಲೂ ಬಿಟ್ಟು ನೋಡಿ. ರೆಕ್ಕೆಗಳು ನಿಂತು ನಿಂತು ಹೋದ ಹಾಗೆ ಕಂಡರೆ ಬೆಳಕು ಮಿಟುಕುತ್ತಿದೆ ಅಂತ ಅರ್ಥ. ಬೆಳಕು ಕಡಿಮೆ ಮಾಡಲು ಎಲ್‌ಇಡಿಯನ್ನು ಬೇಗ ಬೇಗ ಆರಿಸಿ ಹತ್ತಿಸುತ್ತಾರೆ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ.

ಒಬ್ಬರು ಅಕ್ಕ:

ನನ್ನ ಎಎಎ ಟಾರ್ಚನ್ನು ಆರು ತಿಂಗಳು ಡ್ರಾದಲ್ಲಿ ಇಟ್ಟಿದ್ದೆ. ತೆಗೆದರೆ ಒಳಗೆ ಬಿಳಿ ಉಪ್ಪಿನ ಥರ ಆಗಿದೆ. ಬಿಸಾಡಲಾ?

ಉತ್ತರ:

ಬಿಸಾಡಬೇಡಿ ಅಕ್ಕಾ. ಆಲ್ಕಲೈನ್ ಸೆಲ್ ಸೋರಿದೆ. ಅದು ಕ್ಷಾರ, ಹಾಗಾಗಿ ಹುಳಿಗೆ ಕರಗುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಆ ಬಿಳಿಯದರ ಮೇಲೆ ಒತ್ತಿ. ಸಣ್ಣಗೆ ಗುಳ್ಳೆ ಏಳುತ್ತದೆ. ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಪೂರ್ತಿ ಒಣಗಿಸಿ. ಸ್ಪ್ರಿಂಗ್ ಹಸಿರಾಗಿದ್ದರೆ ಸಣ್ಣ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಕೈ ತೊಳೆದುಕೊಳ್ಳಿ, ಕಣ್ಣಿಗೆ ತಾಗಿಸಬೇಡಿ. ಹೆಚ್ಚಾಗಿ ಹತ್ತುತ್ತದೆ. ಸೆಲ್ ಅಂಟಿಕೊಂಡು ಹೊರಗೇ ಬರದಿದ್ದರೆ ಮಾತ್ರ ಆಸೆ ಬಿಡಿ.

ಮತ್ತೊಬ್ಬರು:

ನಮ್ಮ ಮನೆಯಲ್ಲಿ ಎರಡು ವರ್ಷದ ಮಗು ಇದೆ. ಆ ಬಟನ್ ಸೆಲ್ ಟಾರ್ಚೇ ಅದರ ಆಟದ ಸಾಮಾನು.

ಉತ್ತರ:

ಇವತ್ತೇ ಕಿತ್ತುಕೊಳ್ಳಿ. ತಮಾಷೆ ಅಲ್ಲ. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಬಹುದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗಬೇಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಸ್ಕ್ರೂ ಬಿಗಿದ ಮುಚ್ಚಳ ಇಲ್ಲದ ಯಾವ ಟಾರ್ಚೂ ಮಗುವಿನ ಕೈಗೆ ಬೇಡ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:

ಅಣ್ಣಾ, ಎರಡೂ ತರಿಸಿದೆ, ಒಂದನ್ನು ವಾಪಸ್ ಕಳಿಸುವ ಯೋಚನೆಯಲ್ಲೇ. ಯುಎಸ್‌ಬಿಯದು ಮೂರನೇ ದಿನಕ್ಕೇ ಬ್ಯಾಗಿನೊಳಗೆ ಹತ್ತಿಕೊಂಡಿತ್ತು. ಬಸ್ಸಿನಲ್ಲಿ ಪಕ್ಕದವರು ‘ನಿಮ್ಮ ಬ್ಯಾಗ್ ಹೊಳೀತಿದೆ’ ಅಂದರು. ವಾಪಸ್ ಹೋಯಿತು. ಎಎಎಯದು ಇಟ್ಟುಕೊಂಡೆ, ಒಂದೇ ಕೈಯಲ್ಲಿ ತಿರುಗಿಸಲು ಈಗ ಬರುತ್ತದೆ. ಒಂದೇ ತೊಂದರೆ. ಬಾಗಿಲಿಗೆ ಕೀ ಹಾಕಿದರೆ ಟಾರ್ಚು ಅದರಲ್ಲೇ ನೇತಾಡುತ್ತದೆ, ಬೆಳಕು ಕಾಲ ಮೇಲೆ, ಬೀಗ ಕತ್ತಲೆಯಲ್ಲಿ.

ಉತ್ತರ:

ಅದನ್ನು ಹೇಳಲು ಮರೆತಿದ್ದೆ, ತಪ್ಪು ನನ್ನದು. ಕೀ ರಿಂಗಿಗೆ ನೇರ ಹಾಕಬೇಡಿ. ನಡುವೆ ಸಣ್ಣ ಕೊಕ್ಕೆ ಹಾಕಿ, ಒತ್ತಿದರೆ ಬಿಚ್ಚುವಂಥದ್ದು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಸ್ಕೂಟರ್ ಓಡಿಸುವಾಗಲೂ ಇಗ್ನಿಷನ್ನಿನಲ್ಲಿ ಭಾರ ನೇತಾಡಲ್ಲ.

ಪ್ರಶ್ನೆ ಕೇಳಿದವರು:

ಕೊಕ್ಕೆ ಹಾಕಿದೆ ಅಣ್ಣಾ. ಹಾಕಿದ ಮರುದಿನವೇ ಅಪ್ಪ ಟಾರ್ಚನ್ನು ಬಿಚ್ಚಿಕೊಂಡು ಕೊಟ್ಟಿಗೆಗೆ ಒಯ್ದರು. ‘ಬ್ಯಾಟ್ರಿ ಚೆನ್ನಾಗಿದೆ, ನಂಗಿರ್ಲಿ’ ಅಂತಾರೆ. ನನ್ನ ಕೀ ಚೈನಿನಲ್ಲಿ ಈಗ ಕೊಕ್ಕೆ ಮಾತ್ರ ಇದೆ.