11 ವರ್ಷ ನಿಂತ ಕಾರಿಗೆ ಇಸಿಯು: ಮೊದಲು ಏನು ಮಾಡಲಿ?

ಪ್ರಶ್ನೆ: ಶೆಡ್ಡಿನಲ್ಲಿ 11 ವರ್ಷ ಮುಚ್ಚಿಟ್ಟಿದ್ದ ಕಾರು ಹೊರಗೆ ತೆಗೆದಿದ್ದೇನೆ. ಕಾರ್ಬುರೇಟರ್ ಕಿತ್ತು ಪೆಟ್ರೋಲ್ ಇಂಜೆಕ್ಷನ್, ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಹಾಕುವ ಆಸೆ. ಸಾಮಾನೆಲ್ಲ ತಂದಾಗಿದೆ. ನೇರವಾಗಿ ವೈರಿಂಗ್ ಶುರು ಮಾಡಲಾ?

ಉತ್ತರ: ಅವಸರ ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಡಿ, ಮಾರನೇ ದಿನ ಎಂಜಿನ್ ಕೈಯಲ್ಲೇ ತಿರುಗಿಸಿ. ಆಮೇಲೆ ಹಳೇ ಕಾರ್ಬುರೇಟರಿನಲ್ಲೇ ಒಮ್ಮೆ ಓಡಿಸಿ ನೋಡಿ, ಇಲ್ಲದಿದ್ದರೆ ತೊಂದರೆ ಎಂಜಿನ್ನಿನದೋ ಇಸಿಯುದೋ ಅಂತ ಸುಮ್ನೆ ತಲೆ ಕೆರೆದುಕೊಳ್ಳುತ್ತಾ ಕೂರಬೇಕಾಗುತ್ತದೆ.

ಇನ್ನೊಬ್ಬರು: ಟ್ಯಾಂಕ್ ಮರೀಬೇಡಿ. ಹಳೇ ಪೆಟ್ರೋಲ್ ಅಂಟಾಗಿ ಹೊಸ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಹಳೇ ಪಂಪ್, ಪೈಪ್ ಕೂಡ ಸಾಲದು, ಇಂಜೆಕ್ಷನ್ನಿಗೆ ಸುಮಾರು 3 ಬಾರ್ ಒತ್ತಡ ಬೇಕು.

ಕೇಳಿದವರು: ಮುಚ್ಚಳ ತೆಗೆದರೆ ವಾರ್ನಿಶ್ ವಾಸನೆ!

ಉತ್ತರ: ಹಾಗಾದ್ರೆ ಟ್ಯಾಂಕ್ ಇಳಿಸಲೇಬೇಕು. ಇಸಿಯು ಹಾಕಿದ ಮೇಲೆ ಟೈಮಿಂಗ್ ಲೈಟ್ (ಪ್ಲಗ್ ಕಿಡಿ ಹಾರುವಾಗೆಲ್ಲ ಮಿನುಗುವ ದೀಪ) ಹಿಡಿದು ಕಿಡಿಯ ಹೊತ್ತು ನೋಡಿ. ಲ್ಯಾಪ್‌ಟಾಪ್ ತೋರಿಸುವ 10 ಡಿಗ್ರಿ ಎಂಜಿನ್ ಪುಲ್ಲಿಯ ಗುರುತಿನಲ್ಲೂ 10 ಇರಬೇಕು, ಅಲ್ವಾ?